ಕಪ್ ಬದಲಾಯಿಸಿದರೆ ಸಾಕಾ, ಗನ್ ತೊಳೆಯುವುದು ಬೇಡವಾ?

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಪೇಂಟಿಂಗ್ ಶೆಡ್ ಉಂಟು. ಬೈಕಿನ ಟ್ಯಾಂಕು, ಗ್ರಿಲ್ಲು, ಗೇಟು, ಕೆಲವೊಮ್ಮೆ ಮರದ ಕಪಾಟು, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇವೆ. ಇರುವುದು 2 ಎಚ್‌ಪಿ ಕಂಪ್ರೆಸರ್ ಮತ್ತು ಕೆಳಗೆ ಒಂದು ಲೀಟರಿನ ಅಲ್ಯುಮಿನಿಯಂ ಕಪ್ ಇರುವ ಹಳೇ ಗನ್. ದಿನಕ್ಕೆ ನಾಲ್ಕೈದು ಬಣ್ಣ ಬದಲಾಗುತ್ತದೆ. ಪ್ರತಿ ಸಲ ತೊಳೆಯಲಿಕ್ಕೆ ಇಪ್ಪತ್ತು ನಿಮಿಷ, ಹತ್ತಿರ ಹತ್ತಿರ ಅರ್ಧ ಲೀಟರ್ ಥಿನ್ನರ್. ಮೊನ್ನೆ ಮಂಗಳೂರಿನ ಅಂಗಡಿಯೊಂದರಲ್ಲಿ ಕಪ್ಪನ್ನು ಟಕ್ ಅಂತ ಸಿಕ್ಕಿಸಿ ತೆಗೆಯುವ ಗನ್ ತೋರಿಸಿದರು. ಇದರಲ್ಲಿ ತೊಳೆಯುವ ಕೆಲಸವೇ ಇಲ್ಲ, ಉಳಿದ ಪೇಂಟನ್ನು ಕಪ್ಪಿನಲ್ಲೇ ಮುಚ್ಚಿಟ್ಟು ಮರುದಿನ ಹೊಡೆಯಬಹುದು, ತಲೆಕೆಳಗೆ ಹಿಡಿದೂ ಹೊಡೆಯಬಹುದು ಅಂದರು. ಕಂಪ್ರೆಸರೇ ಬೇಡದ ಕರೆಂಟಿನ ಗನ್ನನ್ನೂ ತೋರಿಸಿದರು. ಹಳೇ ಗನ್ನಿಗೆ ಹೊಸ ಕಪ್ ಹಾಕಬಹುದಾ, ಹೊಸ ಗನ್ನೇ ಬೇಕಾ? ಮಳೆಗಾಲದಲ್ಲಿ ಪೇಂಟಿನ ಮೇಲೆ ಬಿಳಿ ಮಬ್ಬು ಬರುತ್ತದೆ, ಅದು ಇದರಿಂದ ಹೋಗುತ್ತದಾ? ಇನ್ನೊಂದು, ಸ್ಪ್ರೇ ಹೊಡೆಯುವ ನನ್ನ ತಮ್ಮನಿಗೆ ಇತ್ತೀಚೆಗೆ ರಾತ್ರಿ ಕೆಮ್ಮು ಬರುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಉತ್ತರ: ನಿಮ್ಮ ಕೊನೆಯ ಸಾಲನ್ನು ಮೊದಲು ಹಿಡಿಯುತ್ತೇನೆ. ಸಂಬಂಧ ಇರುವ ಸಾಧ್ಯತೆ ಜಾಸ್ತಿ ಉಂಟು. ವಿವರ ಕೆಳಗೆ ಬರುತ್ತದೆ. ಇದನ್ನು ಓದಿ ಮುಗಿಸುವ ಮೊದಲೇ ಒಂದು ಕೆಲಸ ಮಾಡಿ: ಇವತ್ತಿನಿಂದ ತಮ್ಮನ ಕೈಯಲ್ಲಿ ಹಾರ್ಡನರ್ (ಪೇಂಟ್ ಗಟ್ಟಿಯಾಗಲು ಸೇರಿಸುವ ದ್ರವ) ಬೆರೆಸಿದ ಪೇಂಟ್ ಹೊಡೆಸಬೇಡಿ. ಡಾಕ್ಟರಿಗೆ ತೋರಿಸುವವರೆಗೆ ಅವನು ಸ್ಯಾಂಡ್‌ಪೇಪರ್ ಉಜ್ಜಲಿ, ಮಾಸ್ಕಿಂಗ್ ಮಾಡಲಿ. ಅದನ್ನೂ ಹೊರಗೆ, ನೀವು ಸ್ಪ್ರೇ ಹೊಡೆಯದ ಹೊತ್ತಿನಲ್ಲಿ.

ಈಗ ಗನ್ನಿನ ವಿಷಯ. ನಿಮ್ಮ ತಲೆಬಿಸಿ ನನಗೆ ಅರ್ಥವಾಗುತ್ತದೆ. ನಿಮ್ಮದು ಕಾರು ಇಡಿಯಾಗಿ ಹೊಡೆಯುವ ಅಂಗಡಿ ಅಲ್ಲ. ಬೆಳಿಗ್ಗೆ ಒಂದು ಕಪ್ಪು ಟ್ಯಾಂಕು, ಹತ್ತು ಗಂಟೆಗೆ ಬೂದು ಪ್ರೈಮರ್, ಊಟದ ಮೊದಲು ಕೆಂಪು, ಮಧ್ಯಾಹ್ನ ಗೇಟಿಗೆ ಕಂದು, ಸಂಜೆಗೆ ಕ್ಲಿಯರ್, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪು. ಕೆಲಸ ಸಣ್ಣದು, ಬಣ್ಣ ಹಲವು. ಇಂಥ ಶೆಡ್ಡಿನಲ್ಲಿ ಪೇಂಟ್ ಹೊಡೆಯುವುದಕ್ಕಿಂತ ಗನ್ ತೊಳೆಯುವ ಹೊತ್ತೇ ಜಾಸ್ತಿ. ನಾನೂ ಕುಂಬಳೆಯಲ್ಲಿ ಅಂಗಡಿ ಹಾಕಿದ ಹೊಸತರಲ್ಲಿ ಹೀಗೇ ಇದ್ದೆ. ಬದಲಾಯಿಸುವ ಕಪ್ಪನ್ನು ಮೊದಲು ನೋಡಿದ್ದು ದುಬೈಯ ಗ್ಯಾರೇಜಿನಲ್ಲಿ. ಅಲ್ಲಿನ ಫೋರ್‌ಮನ್ ಅದನ್ನು ನಮ್ಮ ಕೈಗೆ ಕೊಡಲಿಕ್ಕೇ ಹೆದರುತ್ತಿದ್ದ, ಕಪ್ಪಿನೊಳಗೆ ಹಾಕಿ ಬಿಸಾಡುವ ಒಂದೊಂದು ಪ್ಲಾಸ್ಟಿಕ್ ಲೈನರಿಗೂ ಲೆಕ್ಕ ಬರೆಯಬೇಕಿತ್ತು!

ಮೊದಲು ನಿಮ್ಮ ಹಳೇ ಗನ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ. ಕಪ್ ಕೆಳಗಿರುವ ಗನ್ನಿನಲ್ಲಿ ಪೇಂಟ್ ತಾನಾಗಿ ಮೇಲೆ ಬರುವುದಿಲ್ಲ. ನಾಜಲಿನ ಸುತ್ತ ಗಾಳಿ ಜೋರಾಗಿ ನುಗ್ಗುವಾಗ ಅಲ್ಲಿ ಒತ್ತಡ ಕಮ್ಮಿಯಾಗುತ್ತದೆ. ಕಪ್ಪಿನೊಳಗಿನ ಗಾಳಿ ಪೇಂಟನ್ನು ಟ್ಯೂಬಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ತೂತು ಇರುವುದು ಅದಕ್ಕೇ, ಹೊರಗಿನ ಗಾಳಿ ಒಳಗೆ ಹೋಗಬೇಕು. ಆ ತೂತು ಪೇಂಟಿನಿಂದ ಕಟ್ಟಿದರೆ ಗನ್ ಬಿಕ್ಕಳಿಸಿದ ಹಾಗೆ ಬಿಟ್ಟು ಬಿಟ್ಟು ಹೊಡೆಯುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ನಾಜಲಿನ ತೂತನ್ನು ಮುಚ್ಚಿ ತೆರೆಯುವ ನೀಡಲ್ ಬದಲಾಯಿಸುತ್ತಾರೆ.

ಈ ಗನ್ನಿನಲ್ಲಿ ಎರಡು ನಷ್ಟ. ಒಂದು, ಪೇಂಟನ್ನು ಎಳೆದುಕೊಳ್ಳಲಿಕ್ಕೆ ಗಾಳಿಯ ಒತ್ತಡ ಜಾಸ್ತಿ ಇಡಬೇಕು, ಆಗ ಪೇಂಟಿನ ಅರ್ಧಕ್ಕಿಂತ ಹೆಚ್ಚು ಟ್ಯಾಂಕಿಗೆ ಹಿಡಿಯದೆ ಹಾರಿ ಹೋಗುತ್ತದೆ. ಎರಡನೆಯದು ನಿಮಗೆ ಹೆಚ್ಚು ಮುಖ್ಯ. ಟ್ಯೂಬಿನ ತುದಿ ಕಪ್ಪಿನ ತಳಕ್ಕೆ ಪೂರ್ತಿ ತಾಗುವುದಿಲ್ಲ. 100 ಮಿಲಿ ಪೇಂಟ್ ಸಾಕಾಗುವ ಟ್ಯಾಂಕಿಗೆ ನೀವು 200 ಮಿಲಿ ಬೆರೆಸುತ್ತೀರಿ, ಅಲ್ವಾ? ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಒಂದು ವಾರ ಬರೆದಿಟ್ಟು ನೋಡಿ. ಥಿನ್ನರಿನ ಖರ್ಚು ನಿಮಗೆ ಕಾಣುತ್ತದೆ, ಈ ಖರ್ಚು ಕಾಣುವುದಿಲ್ಲ.

ಕಪ್ ಮೇಲಿರುವ ಗನ್ನಿನಲ್ಲಿ ಪೇಂಟ್ ತನ್ನ ತೂಕಕ್ಕೇ ಕೆಳಗೆ ಇಳಿಯುತ್ತದೆ. ಕಮ್ಮಿ ಒತ್ತಡದಲ್ಲಿ ನಡೆಯುತ್ತದೆ, ಕೊನೆಯ ಹನಿಯವರೆಗೂ ಹೊಡೆಯಬಹುದು. ನೀವು ಅಂಗಡಿಯಲ್ಲಿ ನೋಡಿದ್ದು ಈ ಜಾತಿಯ ಗನ್ನಿಗೆ ಮಾಡಿದ ಕಪ್.

ಇದರಲ್ಲಿ ಎರಡು ಮೂರು ಬಗೆ ಉಂಟು. 3ಎಂ ಕಂಪನಿಯ ಪಿಪಿಎಸ್ ಎಂಬುದನ್ನೇ ತೆಗೆದುಕೊಳ್ಳಿ. ಹೊರಗೆ ಗಟ್ಟಿ ಕಪ್, ಅದರೊಳಗೆ ತೆಳು ಪ್ಲಾಸ್ಟಿಕ್ಕಿನ ಲೈನರ್, ಮೇಲೆ ಜಾಲರಿ ಇರುವ ಮುಚ್ಚಳ. ಗನ್ನಿಗೆ ಒಂದು ಅಡಾಪ್ಟರ್ ತಿರುಗಿಸಿ ಕೂರಿಸಿದರೆ ಅದು ಅಲ್ಲೇ ಇರುತ್ತದೆ. ಮುಚ್ಚಳವನ್ನು ಅದಕ್ಕೆ ಒತ್ತಿ ಸ್ವಲ್ಪ ತಿರುಗಿಸಿದರೆ ಕಪ್ ಸಿಕ್ಕಿಕೊಳ್ಳುತ್ತದೆ. ಪೇಂಟ್ ಖಾಲಿಯಾಗುತ್ತಾ ಹೋದ ಹಾಗೆ ಲೈನರ್ ಹಿಂಡಿದ ಹಾಲಿನ ಪ್ಯಾಕೆಟಿನ ಹಾಗೆ ಕುಗ್ಗುತ್ತದೆ. ಗಾಳಿಯ ತೂತೇ ಬೇಡ. ಡೆವಿಲ್‌ಬಿಸ್ ಕಂಪನಿಯ ಡೀಕಪ್ಸ್ ಕೂಡ ಲೈನರಿನದ್ದೇ. ಜರ್ಮನಿಯ ಸಾಟಾದವರ ಆರ್‌ಪಿಎಸ್‌ನಲ್ಲಿ ಲೈನರ್ ಇಲ್ಲ, ಕಪ್ಪೇ ಬಿಸಾಡುವಂಥದ್ದು. ಇವೆಲ್ಲ ಇಲ್ಲದೆ ಬರೀ ಮರೆ (ಸ್ಕ್ರೂವಿನ ಸುತ್ತು) ತಿರುಗಿಸಿ ಹಾಕುವ ಪ್ಲಾಸ್ಟಿಕ್ ಕಪ್ಪನ್ನೇ ನಾಲ್ಕು ಇಟ್ಟುಕೊಂಡು ಬದಲಾಯಿಸುವವರೂ ಇದ್ದಾರೆ. ಅದೂ ಬದಲಾಯಿಸುವ ಕಪ್ಪೇ. ಅದನ್ನು ಕೀಳಾಗಿ ನೋಡಬೇಡಿ, ಮುಂದೆ ಹೇಳುತ್ತೇನೆ.

ಡೆವಿಲ್‌ಬಿಸ್ ಅಂದಾಗ ನೆನಪಾಯಿತು. ಅದು ಒಬ್ಬ ಡಾಕ್ಟರ ಹೆಸರು. ಅಮೆರಿಕದ ಟೊಲೆಡೊ ಊರಿನ ಅಲೆನ್ ಡೆವಿಲ್‌ಬಿಸ್ 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಮದ್ದು ಸಿಂಪಡಿಸಲಿಕ್ಕೆ ರಬ್ಬರ್ ಬುಡ್ಡೆ ಒತ್ತುವ ಒಂದು ಸಾಧನ ಮಾಡಿದರು. ಮಗ ಥಾಮಸ್ ಅದೇ ತತ್ವ ಹಿಡಿದು 1907ರಲ್ಲಿ ಪೇಂಟ್ ಗನ್ ಮಾಡಿದರು. ಗಂಟಲಿನ ಕೆಮ್ಮಿಗೆ ಮದ್ದಾಗಿ ಹುಟ್ಟಿದ್ದು ಈಗ ಕೆಮ್ಮಿಗೆ ಕಾರಣವಾಗಿ ನಿಮ್ಮ ಶೆಡ್ಡಿಗೆ ಬಂದಿದೆ ನೋಡಿ.

ಇನ್ನು ಅಂಗಡಿಯವರ ಮಾತಿಗೆ ಬರುವ. ತೊಳೆಯುವುದೇ ಬೇಡ ಅಂದರಲ್ಲ, ಅದು ಕಾಲು ಭಾಗ ನಿಜ ಅಷ್ಟೇ. ಕಪ್ ತೊಳೆಯುವುದು ಬೇಡ, ಅದು ಸರಿ. ಆದರೆ ಕಪ್ಪಿನಿಂದ ನಾಜಲಿನ ತುದಿಯವರೆಗೆ ಪೇಂಟ್ ಹೋಗುವ ದಾರಿ ಒಂದು ಬೆರಳುದ್ದ ಉಂಟು. ಅದು ಗನ್ನಿನೊಳಗೇ ಇದೆ. ಕಪ್ ತೆಗೆದರೂ ಕೆಂಪು ಅಲ್ಲಿ ಉಳಿಯುತ್ತದೆ, ಮುಂದಿನ ಬಿಳಿಗೆ ಬೆರೆಯುತ್ತದೆ. ಅದನ್ನು ತೊಳೆಯಲೇಬೇಕು. ವ್ಯತ್ಯಾಸ ಏನೆಂದರೆ ಅರ್ಧ ಲೀಟರ್ ಬೇಡ, 50ರಿಂದ 100 ಮಿಲಿಯೊಳಗೆ ಮುಗಿಯುತ್ತದೆ. ನಾನು ಮಾಡುವುದು ಹೀಗೆ. ಗಾಳಿಯ ಪೈಪು ತೆಗೆದು, ಕಪ್ ಕೆಳಗೆ ಬರುವಂತೆ ಗನ್ ತಿರುಗಿಸಿ ಟ್ರಿಗರ್ ಒತ್ತುತ್ತೇನೆ. ದಾರಿಯಲ್ಲಿರುವ ಪೇಂಟ್ ವಾಪಸ್ ಕಪ್ಪಿಗೇ ಇಳಿಯುತ್ತದೆ. ಆಮೇಲೆ ಕಪ್ ಬಿಚ್ಚಿ ಮುಚ್ಚಳದ ಬಾಯಿಗೆ ಬಿರಡೆ ಹಾಕುತ್ತೇನೆ. ಒತ್ತಿದರೆ ಪಿಚಕಾರಿಯ ಹಾಗೆ ಬರುವ ಬಾಟಲಿಯಿಂದ ಥಿನ್ನರನ್ನು ಅಡಾಪ್ಟರಿನ ಬಾಯಿಗೆ ಬಿಟ್ಟು, ಟ್ರಿಗರ್ ಒತ್ತಿ ಹಳೇ ಡಬ್ಬಕ್ಕೆ ಸುರಿಸುತ್ತೇನೆ. ಎರಡು ಸಲ. ಮೂರನೇ ಸಲ ಬಿಳಿ ಬಟ್ಟೆಯ ಮೇಲೆ ನೋಡಿದರೆ ಬಣ್ಣ ಕಾಣಬಾರದು. ನಾಜಲಿನ ಮುಂದಿರುವ ಏರ್ ಕ್ಯಾಪ್ ಬಿಚ್ಚಿ ಬ್ರಷ್‌ನಲ್ಲಿ ಒರೆಸಿದರೆ ಆಯಿತು. ಮೂರು ನಿಮಿಷದ ಕೆಲಸ. ದಿನದ ಕೊನೆಗೆ ಮಾತ್ರ ನಾಜಲ್, ನೀಡಲ್ ಎಲ್ಲ ಬಿಚ್ಚಿ ಸರಿಯಾಗಿ ತೊಳೆಯಬೇಕು. ಅದನ್ನು ಯಾವ ಕಪ್ಪೂ ತಪ್ಪಿಸುವುದಿಲ್ಲ.

ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿ ಇಡುವ ಅಭ್ಯಾಸ ಇದ್ದರೆ ಬಿಡಿ. ಪ್ಯಾಕಿಂಗ್ ಒಣಗಿ ಹಾಳಾಗುತ್ತದೆ, ಕರಗಿದ ಪೇಂಟ್ ಗಾಳಿಯ ದಾರಿಗೆ ಹೋಗಿ ಕೂರುತ್ತದೆ. ನಾಜಲಿಗೆ ತಂತಿ ಚುಚ್ಚುವುದೂ ಬೇಡ. ಕಣ್ಣಿಗೆ ಕಾಣದ ಒಂದು ಗೀರು ಬಿದ್ದರೂ ಸ್ಪ್ರೇಯ ಆಕಾರ ಒಂದು ಬದಿಗೆ ವಾಲುತ್ತದೆ. ಇನ್ನೊಂದು, ಅಲ್ಯುಮಿನಿಯಂ ಕಪ್ಪಿನ ಒಣಗಿದ ಪೇಂಟ್ ತೆಗೆಯಲಿಕ್ಕೆ ಪೇಂಟ್ ರಿಮೂವರ್ ಸುರಿಯಬೇಡಿ. ಕೆಲವು ರಿಮೂವರಿನಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತದೆ, ಅದು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಒತ್ತಡದ ಜಾಗದಲ್ಲಿ ಸಿಡಿಯುವ ಅಪಾಯವೂ ಉಂಟು.

ಉಳಿದ ಪೇಂಟ್ ಮರುದಿನಕ್ಕೆ ಇಡಬಹುದಾ? ಯಾವ ಪೇಂಟ್ ಎಂಬುದರ ಮೇಲೆ ಹೋಗುತ್ತದೆ. ಬರೀ ಥಿನ್ನರ್ ಬೆರೆಸಿದ ಬೇಸ್ ಕೋಟ್ (ಕ್ಲಿಯರಿನ ಅಡಿಯ ಬಣ್ಣ), ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆದರೆ ಬಿರಡೆ ಹಾಕಿ ಒಂದೆರಡು ದಿನ ಇಡಬಹುದು. ಮೆಟಾಲಿಕ್ ಆದರೆ ಬೆಳ್ಳಿಪುಡಿ ತಳ ಹಿಡಿಯುತ್ತದೆ, ಮರುದಿನ ಚೆನ್ನಾಗಿ ಕಲಕಿ ಸೋಸದೆ ಹೊಡೆಯಬೇಡಿ. ಆದರೆ ಹಾರ್ಡನರ್ ಬೆರೆಸಿದ ಪಿಯು (ಪಾಲಿಯುರೆಥೇನ್), ಕ್ಲಿಯರ್, ಪ್ರೈಮರ್ ಯಾವುದನ್ನೂ ಇಡಲಿಕ್ಕೆ ಆಗುವುದಿಲ್ಲ. ಜನ ಏನು ಅಂದುಕೊಳ್ಳುತ್ತಾರೆ ಅಂದರೆ, ಗಾಳಿ ತಾಗಿದರೆ ಪೇಂಟ್ ಒಣಗುತ್ತದೆ, ಮುಚ್ಚಿಟ್ಟರೆ ಒಣಗುವುದಿಲ್ಲ. ಎನ್‌ಸಿಗೆ ಅದು ನಿಜ. ಹಾರ್ಡನರ್ ಬೆರೆತ ಮೇಲೆ ಗಟ್ಟಿಯಾಗುವುದು ಗಾಳಿಯಿಂದಲ್ಲ, ಎರಡು ರಾಸಾಯನಿಕ ಒಂದಕ್ಕೊಂದು ಅಂಟಿಕೊಳ್ಳುವುದರಿಂದ. ಮುಚ್ಚಳದೊಳಗೂ ಅದು ನಡೆಯುತ್ತಲೇ ಇರುತ್ತದೆ. ಡಬ್ಬದ ಮೇಲೆ ಬರೆದ ಗಂಟೆಯ ಲೆಕ್ಕ 20 ಅಥವಾ 25 ಡಿಗ್ರಿ ಸೆಖೆಯದ್ದು. ನಮ್ಮ ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಹತ್ತು ಡಿಗ್ರಿ ಏರಿದರೆ ಹೊತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ.

ಇದನ್ನು ನಾನು ಕಲಿತದ್ದು ಒಂದು ಒಳ್ಳೇ ಗನ್ ಕಳೆದುಕೊಂಡು. ಒಂದು ಸಂಜೆ ಮಧೂರಿನಲ್ಲಿ ಯಕ್ಷಗಾನ ಆಟ ಇತ್ತು. ಚೌಕಿಗೆ ಹೋಗಿ ವೇಷ ಕಟ್ಟುವುದನ್ನು ನೋಡುವ ಆಸೆ ನನಗೆ ಮೊದಲಿಂದ. ಕ್ಲಿಯರ್ ಹೊಡೆದು ಮುಗಿದಾಗ ಹೊತ್ತಾಗಿತ್ತು. ಕಪ್ ತೆಗೆದು ಬಿರಡೆ ಹಾಕಿ, ಗನ್ನಿನ ಬಾಯಿಗೆ ಥಿನ್ನರಿನ ಬಟ್ಟೆ ಸುತ್ತಿ, ಬೆಳಿಗ್ಗೆ ತೊಳೆಯುವ ಅಂತ ಹೊರಟೆ. ಬೆಳಿಗ್ಗೆ ಬಂದು ಟ್ರಿಗರ್ ಒತ್ತಿದರೆ ಅಲ್ಲಾಡಲಿಲ್ಲ. ನೀಡಲ್ಲು ನಾಜಲಿಗೆ ಗಾಜಿನ ಹಾಗೆ ಅಂಟಿತ್ತು. ಕಪ್ಪಿನಲ್ಲಿ ಲೈನರ್ ಆಕಾರದ ಒಂದು ಪಾರದರ್ಶಕ ಉಂಡೆ. ನೋಡಲಿಕ್ಕೆ ಚೆಂದವೇ ಇತ್ತು. ತುಂಬಾ ದಿನ ಅದನ್ನು ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಇಟ್ಟುಕೊಂಡಿದ್ದೆ.

ತಲೆಕೆಳಗೆ ಹೊಡೆಯುವ ಮಾತು ನಿಜ, ಆದರೆ ಲೈನರ್ ಇರುವ ಕಪ್ಪಿಗೆ ಮಾತ್ರ. ಅದಕ್ಕೂ ಒಂದು ಕ್ರಮ ಉಂಟು. ಮೊದಲು ಗನ್ ತಲೆಕೆಳಗೆ ಹಿಡಿದು ಟ್ರಿಗರ್ ಒತ್ತಿ, ಒಳಗಿನ ಗಾಳಿ ಹೋಗಿ ಪೇಂಟ್ ಬರುವವರೆಗೆ ಕಾಯಬೇಕು. ಆಮೇಲೆ ಹೇಗೆ ಬೇಕಾದರೂ ತಿರುಗಿಸಿ. ಟ್ಯಾಂಕಿನ ಅಡಿ, ಗೇಟಿನ ಕೆಳಗಿನ ಪಟ್ಟಿ, ಕಪಾಟಿನ ಒಳಮೇಲ್ಭಾಗಕ್ಕೆ ಇದು ದೊಡ್ಡ ಉಪಕಾರ. ಗಾಳಿಯ ತೂತು ಇರುವ ಸಾದಾ ಕಪ್ಪನ್ನು ಹಾಗೆ ಹಿಡಿದರೆ ಪೇಂಟ್ ನಿಮ್ಮ ತೋಳಿನೊಳಗೆ ಇಳಿಯುತ್ತದೆ ಅಷ್ಟೆ.

ನನ್ನ ಲೆಕ್ಕದಲ್ಲಿ ಈ ಕಪ್ಪಿನ ನಿಜವಾದ ಲಾಭ ಎರಡು, ಅವನ್ನು ಅಂಗಡಿಯವರು ಹೇಳಿಯೇ ಇಲ್ಲ. ಒಂದು ಅಳತೆ. ಹೊರಗಿನ ಕಪ್ಪಿನ ಮೇಲೆ 4:1, 2:1 ಅಂತ ಗೆರೆ ಎಳೆದಿರುತ್ತದೆ. ಹಾರ್ಡನರನ್ನು ಅಂದಾಜಿಗೆ ಸುರಿಯುವುದು ನಿಲ್ಲುತ್ತದೆ. ಆರು ತಿಂಗಳಲ್ಲಿ ಕ್ಲಿಯರ್ ಎದ್ದು ಬಂತು ಅಂತ ವಾಪಸ್ ಬರುವ ಗಿರಾಕಿಗಳಲ್ಲಿ ಎಷ್ಟೋ ಜನರ ಕಥೆ ಆ ಅಂದಾಜಿನಲ್ಲೇ ಇರುತ್ತದೆ. ಇನ್ನೊಂದು ಸೋಸುವುದು. ಮುಚ್ಚಳದ ಜಾಲರಿ ಕ್ಲಿಯರ್, ಬೇಸ್ ಕೋಟಿಗೆ 125 ಮೈಕ್ರಾನ್, ಪ್ರೈಮರಿಗೆ 200 ಮೈಕ್ರಾನ್ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರನ್ನು ನೋಡಿದ್ದೀರಲ್ಲ? ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಮೈಲುತುತ್ತದ ಜೊತೆ ಬೆರೆಸಿ ಪಂಪಿಗೆ ಹಾಕುವುದಿಲ್ಲ. ಅಡಿಕೆ ಮರದ ತುದಿಯಲ್ಲಿ ಕೂತವನ ನಾಜಲ್ ಕಟ್ಟಿದರೆ ಕೆಳಗೆ ಇರುವವನಿಗೆ ಬೈಗುಳ ಗ್ಯಾರಂಟಿ. ತೋಟದಲ್ಲಿ ಇಷ್ಟು ಶಿಸ್ತು ಇರುವ ನಾವು ಶೆಡ್ಡಿನಲ್ಲಿ ಮಾತ್ರ ಡಬ್ಬದಿಂದ ನೇರ ಸುರಿಯುತ್ತೇವೆ. ಟ್ಯಾಂಕಿನ ಮೇಲೆ ಸಾಸಿವೆ ಕಾಳಿನ ಹಾಗೆ ಏಳುವ ಕಣಗಳಲ್ಲಿ ಧೂಳು ಸ್ವಲ್ಪ, ಸೋಸದ ಪೇಂಟಿನ ಗಂಟು ಜಾಸ್ತಿ.

ನಿಮ್ಮ ಹಳೇ ಗನ್ನಿಗೆ ಈ ಕಪ್ ಹಾಕುವ ಯೋಚನೆ ಬಿಡಿ. ಇವು ಮುಖ್ಯವಾಗಿ ಮೇಲೆ ಕಪ್ ಇರುವ ಗನ್ನಿಗೆ ಮಾಡಿದವು. ಹೊಸ ಗನ್ ತೆಗೆದುಕೊಂಡರೂ ಅಡಾಪ್ಟರ್ ಆ ಗನ್ನಿನ ಮರೆಗೆ ಸರಿಯಾದದ್ದೇ ಬೇಕು. ಒಂದೊಂದು ಕಂಪನಿಗೆ ಮರೆ ಒಂದೊಂದು ರೀತಿ. ಎರಡು ಸುತ್ತು ಹೋಗಿ ನಿಂತರೆ ಟೆಫ್ಲಾನ್ ಟೇಪ್ ಸುತ್ತಿ ಒತ್ತಾಯದಿಂದ ತಿರುಗಿಸುವವರು ಇದ್ದಾರೆ. ಮರೆ ಸವೆದು ಗನ್ನೇ ಹಾಳಾಗುತ್ತದೆ. ಟೇಪಿನ ಚೂರು ನಾಜಲಿಗೆ ಹೋಗುವುದು ಬೇರೆ. ಅಲ್ಲಿಂದ ಗಾಳಿ ಎಳೆದರೆ ಮತ್ತೆ ಅದೇ ಬಿಕ್ಕಳಿಕೆ. ಹೊಡೆಯುವಾಗ ಕಪ್ಪಿನೊಳಗೆ ಗುಳ್ಳೆ ಏಳುತ್ತಿದ್ದರೆ ಕಪ್ಪನ್ನು ಬೈಯಬೇಡಿ. ನಾಜಲ್ ಸಡಿಲ ಇದೆ, ಅಥವಾ ಅದು ಕೂರುವ ಜಾಗದಲ್ಲಿ ಕಸ ಇದೆ. ಗಾಳಿ ಹಿಂದಕ್ಕೆ ಬರುತ್ತಿದೆ ಅಂತ ಅರ್ಥ.

ಹಾಗಂತ ಹಳೇ ಗನ್ನನ್ನು ಗುಜರಿಗೆ ಹಾಕಬೇಡಿ. ಪ್ರೈಮರಿಗೆ, ಗೇಟಿಗೆ ಅದೇ ಇರಲಿ. ಪ್ರೈಮರ್ ಹೊಡೆದ ಗನ್ನಿನಲ್ಲಿ ಕ್ಲಿಯರ್ ಹೊಡೆಯದಿದ್ದರೆ ನಿಮ್ಮ ಅರ್ಧ ತೊಳೆಯುವಿಕೆ ಅಲ್ಲಿಗೇ ಮುಗಿಯಿತು. ಅದರ ಅಲ್ಯುಮಿನಿಯಂ ಕಪ್ ಬಿಡಿಯಾಗಿಯೂ ಸಿಗುತ್ತದೆ, ಎರಡು ಇಟ್ಟುಕೊಳ್ಳಿ. ಆಗ ಮುಚ್ಚಳ, ಟ್ಯೂಬು ಮತ್ತು ಗನ್ನಿನೊಳಗಿನ ದಾರಿ ತೊಳೆದರೆ ಸಾಕು.

ಹೊಸ ಗನ್ ತೆಗೆಯುವಾಗ ಕಪ್ಪಿಗಿಂತ ಮೊದಲು ಗಾಳಿಯ ಲೆಕ್ಕ ನೋಡಿ. ಇಲ್ಲೇ ಜನ ಮೋಸ ಹೋಗುವುದು. ಎಚ್‌ವಿಎಲ್‌ಪಿ (ಗಾಳಿ ಜಾಸ್ತಿ, ಒತ್ತಡ ಕಮ್ಮಿ) ಅಂತ ಬರೆದ ಗನ್ನುಗಳಲ್ಲಿ ಏರ್ ಕ್ಯಾಪಿನ ಹತ್ತಿರ ಒತ್ತಡ 10 ಪಿಎಸ್‌ಐ ದಾಟುವುದಿಲ್ಲ. ಪೇಂಟ್ ಮೆತ್ತಗೆ ಹೋಗಿ ಕೂರುತ್ತದೆ. ಹೊಡೆದದ್ದರಲ್ಲಿ 65 ಶೇಕಡಾದಷ್ಟಾದರೂ ಹಿಡಿಯಬೇಕು ಎಂಬುದು ಅವುಗಳ ಲೆಕ್ಕ. ಆದರೆ ಒತ್ತಡ ಕಮ್ಮಿ ಅಂದ ಮಾತ್ರಕ್ಕೆ ಗಾಳಿ ಕಮ್ಮಿ ಸಾಕು ಅಂತಲ್ಲ. ಪ್ರಮಾಣ ಜಾಸ್ತಿ ಬೇಕು. ಹೆಚ್ಚಿನವು ನಿಮಿಷಕ್ಕೆ 9ರಿಂದ 14 ಘನ ಅಡಿ ಕೇಳುತ್ತವೆ. ನಿಮ್ಮ 2 ಎಚ್‌ಪಿ ಕಂಪ್ರೆಸರ್ ಕೊಡುವುದು ಹೆಚ್ಚೆಂದರೆ ಏಳೆಂಟು. ಟ್ಯಾಂಕು ಹೊಡೆಯುವಾಗ ಗೊತ್ತಾಗುವುದಿಲ್ಲ, ಗೇಟಿನ ಅರ್ಧಕ್ಕೆ ಬರುವಾಗ ಗಾಳಿ ಸೋತು ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಆಗುತ್ತದೆ. ಕಮ್ಮಿ ಗಾಳಿಯಲ್ಲಿ ನಡೆಯುವ ಗನ್ನುಗಳು ಬೇರೆ ಬರುತ್ತವೆ, ಡಬ್ಬದ ಮೇಲೆ ಅಂಕಿ ಬರೆದಿರುತ್ತದೆ. ಆರಕ್ಕಿಂತ ಕೆಳಗಿನದ್ದು ಹುಡುಕಿ. ನಾಜಲ್ ಬೇಸ್ ಕೋಟಿಗೆ, ಕ್ಲಿಯರಿಗೆ 1.3 ಅಥವಾ 1.4 ಮಿಲಿಮೀಟರಿನದ್ದು ಸಾಕು. ಒತ್ತಡವನ್ನು ಟ್ರಿಗರ್ ಒತ್ತಿ ಹಿಡಿದಾಗ ನೋಡಬೇಕು. ಬಿಟ್ಟಾಗ ಗೇಜು ತೋರಿಸುವ ಅಂಕಿ ಸುಮ್ನೆ ಮನಸ್ಸಿನ ಸಮಾಧಾನಕ್ಕೆ.

ಕರೆಂಟಿನ ಗನ್ನು. ಇದರಲ್ಲಿ ವ್ಯಾಗ್ನರ್ ಕಂಪನಿಯದ್ದರಂಥ ಕೆಲವಕ್ಕೆ ಕಪ್ಪಿನ ಜೊತೆ ನಾಜಲ್ ಇರುವ ಇಡೀ ಮುಂಭಾಗವೇ ಕಳಚಿ ಬರುತ್ತದೆ. ಮೋಟರಿನ ಹಿಡಿ ಒಂದೇ, ಮುಂಭಾಗ ಎರಡು ಮೂರು. ಬಣ್ಣ ಬದಲಾಯಿಸುವಾಗ ತೊಳೆಯುವುದು ಬೇಡ ಎಂಬ ಮಾತು ಪೂರ್ತಿ ನಿಜವಾಗುವುದು ಹೀಗೆ ಮುಂಭಾಗ ಕಳಚುವ ಗನ್ನಿನಲ್ಲಿ. ಯೋಚನೆ ಬಹಳ ಒಳ್ಳೆಯದು. ನಿಮ್ಮ ಕೆಲಸಕ್ಕೆ ಮಾತ್ರ ನಾನು ಬೇಡ ಅನ್ನುತ್ತೇನೆ. ಬೈಕಿನ ಟ್ಯಾಂಕಿಗೆ ಬೇಕಾದ ನುಣುಪು ಬರುವುದಿಲ್ಲ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೆಂಕಿ. ಒಳಗೆ ಮೋಟರ್ ತಿರುಗುತ್ತಿರುತ್ತದೆ. 21 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವ ಆವಿ ಬಿಡುವ ಪೇಂಟನ್ನು ಇದರಲ್ಲಿ ಹಾಕಬೇಡಿ ಅಂತ ಇಂಥ ಗನ್ನಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಎನ್‌ಸಿ ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟೊಲ್ವೀನಿನ ಆವಿಗೆ 4 ಡಿಗ್ರಿಯೇ ಸಾಕು. ಅಂದರೆ ನಮ್ಮ ಊರಿನಲ್ಲಿ ವರ್ಷವಿಡೀ ಅದು ಕಿಡಿಗೆ ಕಾಯುತ್ತಾ ಇರುತ್ತದೆ. ನೀರಿನ ಪೇಂಟಿಗೆ, ಮನೆಯ ಕಂಪೌಂಡಿಗೆ ಬೇಕಾದರೆ ಕರೆಂಟಿನ ಗನ್ ತೆಗೆದುಕೊಳ್ಳಿ. ಗೇಟು ವೆಲ್ಡಿಂಗ್ ಮಾಡುವ ಜಾಗವೂ ಸ್ಪ್ರೇ ಹೊಡೆಯುವ ಜಾಗವೂ ನಿಮ್ಮಲ್ಲಿ ಒಂದೇ ಆಗಿದ್ದರೆ ಅದನ್ನು ಈ ವಾರವೇ ಬೇರೆ ಮಾಡಿ.

ಮಳೆಗಾಲದ ಬಿಳಿ ಮಬ್ಬಿಗೂ ಕಪ್ಪಿಗೂ ಸಂಬಂಧ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಎನ್‌ಸಿ ಪೇಂಟಿನ, ನಾವು ಡ್ಯೂಕೋ ಅನ್ನುತ್ತೇವಲ್ಲ ಅದರ, ಥಿನ್ನರ್ ಬೇಗ ಹಾರುತ್ತದೆ. ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಕೈಗೆ ಸ್ಪಿರಿಟ್ ಹಚ್ಚಿದಾಗ ಆಗುವ ಹಾಗೆ. ಆ ತಂಪಿಗೆ ಗಾಳಿಯ ತೇವ ಇಬ್ಬನಿಯಾಗಿ ಪೇಂಟಿನ ಮೇಲೆ ಇಳಿಯುತ್ತದೆ. ಅದೇ ಮಬ್ಬು. ನಿಧಾನ ಹಾರುವ ಥಿನ್ನರ್ ಅಥವಾ ಹಾರುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೆರೆಸಿ, ತೆಳ್ಳಗೆ ಹೊಡೆದು, ಮಧ್ಯೆ ಹೊತ್ತು ಕೊಟ್ಟರೆ ಕಮ್ಮಿಯಾಗುತ್ತದೆ. ಜಡಿಮಳೆಯ ದಿನ ಹೊಡೆಯದಿರುವುದೇ ಒಳ್ಳೆಯದು. ಕಂಪ್ರೆಸರಿನ ತಳದ ವಾಲ್ವ್ ತೆರೆದು ದಿನವೂ ನೀರು ತೆಗೆಯಿರಿ. ಜುಲೈಯಲ್ಲಿ ಒಂದು ಲೋಟ ಬಂದರೂ ಆಶ್ಚರ್ಯ ಇಲ್ಲ. ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರಿನ ಬಾಯಲ್ಲೇ ಇಡಬೇಡಿ. ಅಲ್ಲಿ ಗಾಳಿ ಬಿಸಿ, ನೀರು ಇನ್ನೂ ಆವಿ. ಪೈಪಿನಲ್ಲಿ ಸ್ವಲ್ಪ ದೂರ ಬಂದು ತಣಿದ ಮೇಲೆ ಇಟ್ಟರೆ ಹಿಡಿಯುತ್ತದೆ. ಹಾರ್ಡನರಿನ ಡಬ್ಬವನ್ನೂ ಮಳೆಗಾಲದಲ್ಲಿ ತೆರೆದಿಡಬೇಡಿ. ತೇವ ಎಳೆದುಕೊಂಡು ಮಂದವಾಗುತ್ತದೆ. ತೇವ ಸೇರಿದ ಡಬ್ಬ ಮುಚ್ಚಿದರೆ ಒಳಗೆ ಗ್ಯಾಸ್ ಹುಟ್ಟಿ ಉಬ್ಬುತ್ತದೆ. ಉಬ್ಬಿದ ಡಬ್ಬವನ್ನು ಕೈಯಲ್ಲಿ ಮುಟ್ಟಬೇಡಿ, ಪೇಂಟ್ ಅಂಗಡಿಯವರನ್ನು ಕೇಳಿ.

ಹಾಗಾದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಕಮ್ಮಿ ಗಾಳಿ ಸಾಕಾಗುವ, ಮೇಲೆ ಕಪ್ ಇರುವ ಒಂದು ಗನ್ ತೆಗೆಯುತ್ತಿದ್ದೆ. ಅದಕ್ಕೆ ಅದೇ ಮರೆಯ ಪ್ಲಾಸ್ಟಿಕ್ ಕಪ್ ಮೂರು. ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಅಂತ ಕೇಳಿಯೇ ತೆಗೆದುಕೊಳ್ಳಿ. ಗಾಜಿನ ಹಾಗೆ ಹೊಳೆಯುವ ಕೆಲವು ಪ್ಲಾಸ್ಟಿಕ್ ಥಿನ್ನರಿಗೆ ಬಿರಿಯುತ್ತವೆ. ತಂಪುಪಾನೀಯದ ಬಾಟಲಿಯನ್ನು ಕೊಯ್ದು ಗನ್ನಿಗೆ ಸಿಕ್ಕಿಸಿದ ಮಹನೀಯರನ್ನೂ ನೋಡಿದ್ದೇನೆ ಮಾರಾಯ್ರೇ, ದಯವಿಟ್ಟು ಬೇಡ. ಲೈನರಿನ ಸೆಟ್ಟನ್ನು ಚಿಕ್ಕ ಅಳತೆಯದ್ದು, 200 ಅಥವಾ 400 ಮಿಲಿಯದ್ದು, ಬೈಕಿನ ಕ್ಲಿಯರಿಗೆ ಮತ್ತು ಮೆಟಾಲಿಕ್ಕಿಗೆ ಮಾತ್ರ ಇಟ್ಟುಕೊಳ್ಳುತ್ತಿದ್ದೆ. ಲೈನರ್ ಪ್ರತಿ ಸಲ ದುಡ್ಡು. ಗೇಟಿಗೆ ಅದನ್ನು ಹಾಕಿದರೆ ಥಿನ್ನರಿನಲ್ಲಿ ಉಳಿಸಿದ್ದು ಲೈನರಿಗೆ ಹೋಗುತ್ತದೆ. ಬಳಸಿದ ಲೈನರನ್ನು ತೊಳೆದು ಮತ್ತೆ ಹಾಕುವವರು ಇದ್ದಾರೆ, ನಾನೂ ಮಾಡಿದ್ದೇನೆ. ಒಂದು ಸೂಜಿತೂತು ಬಿದ್ದಿದ್ದರೆ ಪೇಂಟ್ ಹೊರಗಿನ ಕಪ್ಪಿಗೆ ಇಳಿಯುತ್ತದೆ, ಲೈನರ್ ಕುಗ್ಗುವುದಿಲ್ಲ.

ಕೊಳೆ ಥಿನ್ನರನ್ನು ಶೆಡ್ಡಿನ ಹಿಂದೆ ಸುರಿಯಬೇಡಿ. ನಮ್ಮ ಮುರಕಲ್ಲಿನ ನೆಲ ಎಲ್ಲವನ್ನೂ ಕುಡಿಯುತ್ತದೆ, ಕೆಳಗೆ ಯಾರದೋ ಬಾವಿ, ಯಾರದೋ ಸುರಂಗದ ನೀರು ಇರುತ್ತದೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಕಾಸರಗೋಡು ಜಿಲ್ಲೆ ಇದು. ಸಿಂಪಡಿಸಿದ್ದು ಸಿಂಪಡಿಸಿದ ಜಾಗದಲ್ಲೇ ನಿಲ್ಲುವುದಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಚ್ಚಳ ಇರುವ ಡಬ್ಬದಲ್ಲಿ ಎರಡು ದಿನ ಇಟ್ಟರೆ ಪೇಂಟ್ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಥಿನ್ನರ್ ಮತ್ತೆ ಗನ್ ತೊಳೆಯಲಿಕ್ಕೆ ಆಗುತ್ತದೆ.

ಕೊನೆಗೆ ತಮ್ಮನ ವಿಷಯ. ಪಿಯು ಪೇಂಟಿನ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತು ಇರುತ್ತದೆ. ಕೆಲಸದಿಂದ ಬರುವ ಅಸ್ತಮಾಕ್ಕೆ ಜಗತ್ತಿನಾದ್ಯಂತ ಹೆಸರಾದ ಕಾರಣಗಳಲ್ಲಿ ಇದು ಮೇಲಿನ ಸಾಲಿನಲ್ಲಿ ಉಂಟು. ಇದರ ಕೆಟ್ಟ ಗುಣ ಏನೆಂದರೆ, ಮೊದಲು ಕೆಲವು ತಿಂಗಳೋ ವರ್ಷವೋ ಏನೂ ಆಗುವುದಿಲ್ಲ. ಒಮ್ಮೆ ಮೈ ಇದಕ್ಕೆ ತಿರುಗಿಬಿದ್ದರೆ ಆಮೇಲೆ ಸ್ಪ್ರೇಯ ಚೂರು ಮಂಜು ತಾಗಿದರೂ ಉಸಿರು ಕಟ್ಟುತ್ತದೆ. ಹಗಲು ಹೊಡೆದದ್ದಕ್ಕೆ ರಾತ್ರಿ ಕೆಮ್ಮು ಬರುವುದು, ರಜೆಯಲ್ಲಿ ಕಮ್ಮಿಯಾಗುವುದು ಇದರ ಲಕ್ಷಣ. ವಾಸನೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲೂ ಅಲ್ಲ, ಮೂಗಿಗೆ ಗೊತ್ತಾಗುವ ಮೊದಲೇ ಅಪಾಯದ ಮಟ್ಟ ದಾಟಿರುತ್ತದೆ. ಟವಲು, ಬಟ್ಟೆಯ ಮಾಸ್ಕು ಇದಕ್ಕೆ ಏನೂ ಅಲ್ಲ. ಇದ್ದಿಲಿನ ಫಿಲ್ಟರಿನ ಮಾಸ್ಕ್ ಥಿನ್ನರಿನ ಆವಿಗೆ ಆಗುತ್ತದೆ, ಆದರೆ ಫಿಲ್ಟರ್ ತುಂಬಿದ್ದು ಗೊತ್ತಾಗಲಿಕ್ಕೆ ವಾಸನೆಯನ್ನೇ ನಂಬಬೇಕು, ಇಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕೇ ಸರಿ. ಅದಕ್ಕೆ ಉಸಿರಾಡಲು ತಕ್ಕ ಫಿಲ್ಟರ್ ಬೇಕು, ಎಣ್ಣೆ ಬರುವ ಕಂಪ್ರೆಸರಿನ ಗಾಳಿಯನ್ನು ಹಾಗೇ ಮುಖಕ್ಕೆ ಕೊಡಬಾರದು. ಹೊಸ ಗನ್ನಿಗೆ ಇಟ್ಟ ದುಡ್ಡಿನಲ್ಲಿ ಒಂದನ್ನೇ ಆರಿಸಬೇಕಾದರೆ ಮಾಸ್ಕ್ ತೆಗೆದುಕೊಳ್ಳಿ. ಹಳೇ ಗನ್ನಿನಲ್ಲಿ ಇನ್ನೂ ಒಂದು ವರ್ಷ ಕೆಲಸ ನಡೆಯುತ್ತದೆ. ನೀವೂ ಹಾಕಿಕೊಳ್ಳಿ. ತಮ್ಮನಿಗೆ ಇದೇ ಕಾರಣ ಅಂತ ಡಾಕ್ಟರು ಹೇಳಿದರೆ ಅವನು ಮಾಸ್ಕ್ ಹಾಕಿ ಮತ್ತೆ ಪಿಯು ಹೊಡೆಯುವುದೂ ಬೇಡ, ಬೇರೆ ಕೆಲಸಕ್ಕೆ ತಿರುಗಲಿ.

ಡಾಕ್ಟರ ಹತ್ತಿರ ಹೋಗುವಾಗ ಬರೀ ಪೇಂಟಿಂಗ್ ಕೆಲಸ ಅಂತ ಹೇಳಿದರೆ ಅವರು ಗೋಡೆಗೆ ಬ್ರಷ್ ಹೊಡೆಯುವುದು ಅಂದುಕೊಂಡಾರು. ಹಾರ್ಡನರ್ ಡಬ್ಬದ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿ. ಯಾವ ದಿನ ಹೊಡೆದದ್ದು, ಯಾವ ರಾತ್ರಿ ಕೆಮ್ಮು ಬಂದದ್ದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರೆ ಅದನ್ನೂ.